ಕಂಡಿಲ್ಲ

ಕಂದು ಸೀಸೆಯನ್ನು ಹೊಳೆಯಲ್ಲಿ ತೊಳೆಯಬಾರದು,
ಅದು ಲ್ಯಾಬಿನಲ್ಲೇ ಮಿಂದು ಬಂದದ್ದು.
ಹರಿವಿಗೆ ಎದುರಾಗಿ ಬಾಯಿ ಹಿಡಿದು
ಒಂದು ಗುಳ್ಳೆಯೂ ಉಳಿಯದ ಹಾಗೆ ಮುಚ್ಚಳ ತಿರುಗಿಸಬೇಕು.
ಯಾದಗಿರಿಯ ಕೆಳಗೆ, ಭೀಮೆ
ಬಂಡೆಗಳ ನಡುವೆ ಮಗ್ಗುಲು ಬದಲಿಸುವಲ್ಲಿ
ನನ್ನ ಕೊನೆಯ ಸೀಸೆ, ನಂಬರು ಹನ್ನೊಂದು.

ಮೌಲಾಲಿ ಜೀಪಿನಿಂದ ಐಸಿನ ಪೆಟ್ಟಿಗೆ ಇಳಿಸುತ್ತಾನೆ.
ದಂಡೆಯಲ್ಲಿ ಬಲೆಯ ಸಿಕ್ಕು ಬಿಡಿಸುತ್ತ ಕೂತ ದ್ಯಾವಮ್ಮ
ಪ್ರತಿ ತಿಂಗಳೂ ಕೇಳುತ್ತಾಳೆ:
"ಹ್ವಾದ ಸಲದ ನೀರಾಗ ಏನ್ ಸಿಕ್ತವ್ವಾ?"
ಪ್ರತಿ ತಿಂಗಳೂ ನಾನು: "ಏನೂ ಕಂಡಿಲ್ಲಮ್ಮಾ."

ಕಂಡಿಲ್ಲ.
ಈ ಪದದ ಬಾಲಕ್ಕೆ ಒಂದು 'ಇಲ್ಲ' ಜೋತುಬಿದ್ದಿದೆ,
ಲೋಪಸಂಧಿಯ ಕೀಟಲೆ.
ವರದಿ ಓದುವವರು ಬಾಲವನ್ನಷ್ಟೇ ಓದಿ ಸಹಿ ಹಾಕುತ್ತಾರೆ.

ಪಟ್ಟಿಯಲ್ಲಿ ಇನ್ನೂರ ಹದಿನಾರು ಹೆಸರು.
ಹತ್ತಿಗೆ ಹೊಡೆದದ್ದು, ತೊಗರಿಗೆ ಹೊಡೆದದ್ದು, ಭತ್ತದ ಕಳೆಗೆ ಸುರಿದದ್ದು,
ಪ್ಲಾಸ್ಟಿಕ್ಕು ಮೆತ್ತಗಾಗಲೆಂದು ಬೆರೆಸಿದ್ದು,
ನಾವೇ ನುಂಗಿ ನಮ್ಮಿಂದಲೇ ಇಳಿದುಹೋದ ಮಾತ್ರೆಗಳು.
ದುಡ್ಡಿರುವುದು ಒಂಬತ್ತಕ್ಕೆ.
ಯಾವ ಒಂಬತ್ತು?
ಅದಕ್ಕೊಂದು ಲೆಕ್ಕವಿದೆ: ಎಷ್ಟು ವಿಷ, ಎಷ್ಟು ದಿನ ಕೊಳೆಯದೆ ಉಳಿದೀತು,
ಮೀನಿನ ಕೊಬ್ಬಿಗೆ ಎಷ್ಟು ಇಳಿದೀತು,
ಹಿಂದೆ ಎಷ್ಟು ಸಲ ಸಿಕ್ಕಿದೆ.
ಈ ಕೊನೆಯ ಕಾಲಮ್ಮಿನಲ್ಲಿ ನನ್ನ ಪೆನ್ನು ತಡವರಿಸುತ್ತದೆ.
ಹುಡುಕದ್ದು ಸಿಕ್ಕಿಲ್ಲ. ಸಿಗದ್ದಕ್ಕೆ ಸೊನ್ನೆ.
ಸೊನ್ನೆ ಬಂದದ್ದನ್ನು ಮುಂದಿನ ವರ್ಷವೂ ಹುಡುಕುವಂತಿಲ್ಲ.
ಹೀಗೆ ಒಂದು ವಿಷ ವರ್ಷ ವರ್ಷವೂ ನಾಪಾಸಾಗುತ್ತಲೇ
ನೆಮ್ಮದಿಯಾಗಿ ಹರಿದುಹೋಗಬಹುದು ಕೃಷ್ಣೆಯ ತನಕ.

ಕಳೆದ ಸುಗ್ಗಿಯಲ್ಲಿ, ಕಲಬುರಗಿಯ ಲ್ಯಾಬಿನಲ್ಲಿ,
ಬೇರೇನೋ ಹುಡುಕುತ್ತಿದ್ದಾಗ
ಗ್ರಾಫಿನಲ್ಲಿ ಕರೆಯದ ಗುಡ್ಡವೊಂದು ಎದ್ದಿತು.
ಹೆಸರು ಹೊಂದಿಸಿದರೆ, ನೋವಿನ ಮಾತ್ರೆ.
ಹತ್ತಿ ಬಿಡಿಸುವ ತಿಂಗಳು ಅದು.
ಬಗ್ಗಿ ಬಗ್ಗಿ ಸೊಂಟ ಹಿಡಿದ ಹೆಂಗಸರು
ಕಿರಾಣಿ ಅಂಗಡಿಯ ಗುಳಿಗಿ ನುಂಗಿ
ಮರುದಿನ ಮತ್ತೆ ಸಾಲು ಹಿಡಿದಿರಬೇಕು.
ಬಹಳ ಹೊತ್ತು ನೋಡಿದೆ.
ಒಂದು ತಾಲೂಕಿನ ಬೆನ್ನು ಅದು.
ಪಟ್ಟಿಯಲ್ಲಿ ಅದರ ಸ್ಥಾನ ಎಂಬತ್ತೆರಡು.

ಇವತ್ತು ಯಾಕೋ ದ್ಯಾವಮ್ಮನಿಗೆ ಆ ಗುಳಿಗಿಯ ಸಂಗತಿ ಹೇಳಿದೆ.
ಅವಳು ನಕ್ಕಳು:
"ನಂದೂ ಅದರಾಗ ಅದ ತಗಿ. ದಿನಾ ರಾತ್ರಿ ಒಂದು ತೊಗೋತೀನಿ."
ಆಮೇಲೆ ಬಲೆಯ ಗಂಟು ಬಿಟ್ಟು, ದನಿ ಇಳಿಸಿ:
"ಆ ಮಡುವಿನ ಬಾಜೂಕ ಬ್ಯಾಸಿಗ್ಯಾಗ ಹಾವುಮೀನ ಬರ್ತಿದ್ವು.
ಮೂರು ವರ್ಷಾತು, ಬರಂಗಿಲ್ಲ.
ನೀರು ತಿಳಿ ಅದ. ವಾಸನಿ ಇಲ್ಲ. ಆದ್ರ ಬರಂಗಿಲ್ಲ.
ಅದನ್ನ ಯಾವ ಖಾನ್ಯಾಗ ಬರಕೋತೀರಿ?"

ಖಾನೆ ಇರಲಿಲ್ಲ.
ಉಷ್ಣತೆ, ಬಣ್ಣ, ವಾಸನೆ, ಮೋಡ ಇತ್ತೇ ಇಲ್ಲವೇ, ಅಷ್ಟೆ.
'ಷರಾ' ಎಂಬ ಅರ್ಧ ಇಂಚಿನಲ್ಲಿ
ಅಕ್ಷರ ಕಿರಿದು ಮಾಡಿ ಬರೆದೆ: ಹಾವುಮೀನು, ಮೂರು ಬೇಸಿಗೆ.
ಒಡೆದರೆ ಇರಲೆಂದು ತಂದಿದ್ದ ಹೆಚ್ಚಿನ ಸೀಸೆಯನ್ನು
ಮೊಣಕಾಲುದ್ದ ಇಳಿದು ಆ ಮಡುವಿನಲ್ಲಿ ಮುಳುಗಿಸಿದೆ.

"ಇದಕ್ಕ ಯಾವ ನಂಬರ್ ಹಾಕ್ಲಿ ಮೇಡಂ?" ಮೌಲಾಲಿ ಚೀಟಿ ಹಿಡಿದು ನಿಂತ.
ನಕಾಶೆಯಲ್ಲಿ ಹನ್ನೊಂದರ ನಂತರ ಏನೂ ಇಲ್ಲ.
ಸದ್ಯಕ್ಕೆ ದ್ಯಾವಮ್ಮ ಅಂತ ಬರಿ, ಅಂದೆ.
ಐಸು ಆಗಲೇ ಕರಗುತ್ತಿತ್ತು.