ಅರೆದ ಹೆಸರು

ಮೊದಲು ಅಂಚಿನ ಖಾಲಿ ಜಾಗ ಒರೆಸು, ಎಂದಳು ಬೆನೆದಿತಾ,
ದೊಡ್ಡಕ್ಷರಗಳನ್ನೆಲ್ಲ ಚಿಕ್ಕದು ಮಾಡು,
ಆಮೇಲೆ ಅರೆ.
ನಗು ಬಂತು. ನಲವತ್ತು ವರ್ಷದಿಂದ ನಾನು ಮಾಡುತ್ತಿರುವುದೂ ಇದೇ:
ಹಳೆಯ ಬಿಲ್ಲೆಯ ಅಂಚಿನ ಗಾರೆ ಕೆರೆಯುವುದು, ತೊಳೆಯುವುದು,
ಹೋದ ಹೂವಿಗೆ ಕೋಬಾಲ್ಟ್ ಅರೆಯುವುದು.

ಇಮೇಲ್ ವಿಳಾಸ ಹಾಕಿದೆ. ರೆಪ್ಪೆ ಬಡಿಯುವಷ್ಟರಲ್ಲಿ
ಮೂವತ್ತೆರಡು ಅಕ್ಷರ ಉದುರಿದವು,
ಅಂಕಿಯೂ ಅಕ್ಷರವೂ ಕಲಸುಮೇಲೋಗರ.
ಇದರಲ್ಲಿ ಜುಲ್ಮೀರಾ ಎಲ್ಲಿದ್ದಾಳೆ?
ಮುಖ ಹಾಕದಿದ್ದರೆ ತಾನೇ ಏನೋ ಬಿಡಿಸಿಕೊಳ್ಳುತ್ತೆ, ನೋಡು.
ಬಿಡಿಸಿತು: ನಾಲ್ಕು ತ್ರಿಕೋನ, ನಡುವೆ ಚೌಕ,
ಎಡ ಹೇಗೋ ಬಲ ಹಾಗೇ.
ಅಯ್ಯೋ, ಇದು ಬಿಲ್ಲೆಯಲ್ಲವೇನೇ!
ಸುಮಾರಾದ ಬಿಲ್ಲೆ. ಸಂತೆಯಲ್ಲಿಟ್ಟರೆ ಎರಡು ಯೂರೋ.

ಇದರಿಂದ ಮತ್ತೆ ನನ್ನ ವಿಳಾಸ ತೆಗೆಯಬಹುದಾ?
ಹಿಟ್ಟು ಕಾಳಾಗುತ್ತಾ ಚಿಕ್ಕಮ್ಮ?
ಆದರೆ ಅದೇ ಕಾಳು ಯಾವ ಊರಲ್ಲಿ ಅರೆದರೂ ಅದೇ ಹಿಟ್ಟು,
ಒಂದು ಕಣ ಹೆಚ್ಚಿಲ್ಲ, ಕಡಿಮೆಯಿಲ್ಲ.
ಒಂದು ಚುಕ್ಕಿ ತಪ್ಪಿತೋ
ಗೋಧಿ ಹಾಕಿ ಉಪ್ಪು ಬಂದ ಹಾಗೆ.
ಇಷ್ಟು ಹೇಳಿ, ಆರಿದ ಕಾಫಿ ಗುಟುಕರಿಸಿ, ದೋಣಿ ತಪ್ಪೀತೆಂದು ಓಡಿದಳು.

ಲಿಸ್ಬನ್ನಿನ ಗೋಡೆಗಳಿಂದ ಕದ್ದ ಬಿಲ್ಲೆಗಳ ಪಟ್ಟಿಯೊಂದಿದೆ.
ಅದಕ್ಕೆ ಸೇರಲೆಂದೇ ನನಗೂ ಗುರುತು ಬೇಕಾದದ್ದು.
ಅಲ್ಲಿ ಮೊದಲೇ ಒಬ್ಬರಿದ್ದಾರೆ: ಹೆಸರಿಲ್ಲ,
ಎಂಟು ಎಸಳಿನ ಒಂದು ಹಸಿರು ಗುರುತು,
ಅದರ ಬೆನ್ನಿಗೆ ಮೂವತ್ತೆರಡು ಅಕ್ಷರ.
ಯಾವ ಮೆಟ್ಟಿಲ ಬೀದಿ, ಯಾವ ಮನೆ, ನೆಲದಿಂದ ಎಷ್ಟನೆಯ ಸಾಲು,
ಒಂದೂ ತಪ್ಪಿಲ್ಲ.
'ಕೆಳಗಿನ ಮೂಲೆಯಲ್ಲಿ ಒಡಕು, ಉಳಿ ಜಾರಿದ್ದು.'
ಉಳಿ ಜಾರಿದ್ದು
ಹಿಡಿದ ಕೈಗಲ್ಲದೆ ಇನ್ಯಾರಿಗೆ ಗೊತ್ತು?

ಅಡೆಲಿನು.
ಸೆತೂಬಲ್ಲಿನ ಹುಡುಗ, ಆರು ವರ್ಷ ನನ್ನ ಒಲೆ ಕಾದವನು.
ಒಂದು ಶನಿವಾರ ಅವನ ಚೀಲದಲ್ಲಿ
ಹಳೆಯ ಪತ್ರಿಕೆ ಸುತ್ತಿದ ಹನ್ನೆರಡು ಬಿಲ್ಲೆ.
ಅಂದು ನಾನು ಆಡಿದ ಮಾತು ಬೀದಿಗೆಲ್ಲ ಕೇಳಿತು.

ರಾತ್ರಿ ಕೂತು ಅರೆದೆ.
ಅವನ ಹೆಸರು, ಮನೆತನ. ಅಲ್ಲ.
ನಡುವೆ ಚುಕ್ಕಿ. ಅಲ್ಲ.
ಹುಟ್ಟಿದ ಇಸವಿ, ಹುಟ್ಟಿದ ಊರು, ಕುಂಟು ನಾಯಿಯ ಹೆಸರು,
ಪ್ರತಿ ಸಲವೂ ಬೇರೆಯೇ ಹಿಟ್ಟು.
ಇದು ಕದ ತಟ್ಟುವುದೋ, ಬೀಗ ಮುರಿಯುವುದೋ
ಎಂದು ಒಮ್ಮೆ ಕೈ ತಡೆಯಿತು.
ತಡೆದದ್ದು ಒಂದೇ ಗಳಿಗೆ.

ಮೂರನೆಯ ರಾತ್ರಿ ನೆನಪಾಯಿತು:
ಊಟಕ್ಕೂ ಕೈ ತೊಳೆಯದವನನ್ನು
ನಾನು ಕೂಗುತ್ತಿದ್ದದ್ದು 'ದೇದು ಅಜುಲ್', ನೀಲಿ ಬೆರಳು.
ಸೇರಿಸಿ ಬರೆದೆ, ಚಿಕ್ಕಕ್ಷರದಲ್ಲಿ, ಖಾಲಿ ಜಾಗ ಒರೆಸಿ.
ಅರೆದೆ.
ಮೊದಲ ಅಕ್ಷರ ಕೂಡಿತು. ಎರಡನೆಯದು.
ಬೆರಳಿಟ್ಟು, ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಓದಿ
ಮೂವತ್ತೆರಡು ಮುಟ್ಟುವಾಗ ಕೆಳಗೆ ಕಸದ ಗಾಡಿ ಬಂದಿತ್ತು.

ಕಳ್ಳ ಎಂದ ಬಾಯೇ ಇಟ್ಟ ಹೆಸರು.
ಎಸೆಯಬಹುದಿತ್ತು. ಎಸೆದಿಲ್ಲ,
ಅರೆದು ಹಚ್ಚಿಕೊಂಡಿದ್ದಾನೆ.

ಬೆನೆದಿತಾಗೂ ಹೇಳಲಿಲ್ಲ.
ಪತ್ರ ಬರೆಯಲು ಕೂತೆ. ವಿಳಾಸವಂತೂ ಈಗ ಕೈಲಿದೆ.
ಬಂದದ್ದು ಇಷ್ಟೇ ಸಾಲು: ಗ್ರಾಸಾದ ಮೆಟ್ಟಿಲ ಮನೆಯದು ನೀನು ಹೇಳಿದಷ್ಟು ಹಳೆಯದಲ್ಲ,
ಗಾರೆ ನೋಡು.
ಅದನ್ನೂ ಅಳಿಸಿದೆ.

ಒಂದು ಖಾಲಿ ಬಿಲ್ಲೆ ತೆಗೆದು
ಅವನ ಎಂಟು ಎಸಳು ಬಿಡಿಸಿ ಸುಟ್ಟೆ.
ಹಸಿರು ಕಪ್ಪಿಗೆ ತಿರುಗಿತ್ತು, ಅಂಚಿನಲ್ಲಿ ಬಿರುಕು.
ಬೆಂದದ್ದು ಹಸಿ ಮಣ್ಣಾಗುವುದಿಲ್ಲ.
ಇನ್ನೊಂದು ಮಾಡಬೇಕು, ತಾಮ್ರ ಸ್ವಲ್ಪ ಕಡಿಮೆ ಹಾಕಿ.
ಸೋಮವಾರ.