ಬಿಲ್ಲೆ

ಬಳ್ಳಾರಿಯಲ್ಲಿ ಧೂಳಿಗೆ ಬೀಗವಿಲ್ಲ.
ನಾನು ದಾದಾ ಖಲಂದರ್, ಅಟೆಂಡರ್.
ಇಪ್ಪತ್ತೊಂಬತ್ತು ವರ್ಷ ಒಂದೇ ಬಾಗಿಲ ಸಂದಿಗೆ
ಒದ್ದೆ ಬಟ್ಟೆ ತುರುಕಿದವನು.
ಬೆಳಿಗ್ಗೆ ಎಳೆದರೆ ಅದರ ಅಂಚು
ಎಲೆಯಡಿಕೆ ಮೆದ್ದ ತುಟಿ.

"ಒಂದು ಕಣ ಒಳಗ ಬಂದ್ರೂ
ನಂದು ಆರು ತಿಂಗಳು ಹೋತು, ಖಲಂದರ್,"
ಅನ್ನೋರು ಹುಲಿಗೆಮ್ಮ ಮೇಡಂ.
ಅವರು ಅಳೆಯುವ ಪೊರೆ ಎಷ್ಟು ತೆಳು
ಅಂತ ಒಮ್ಮೆ ಕೇಳಿದ್ದೆ.
ತಲೆಯಿಂದ ಬಿಳಿ ಕೂದಲೊಂದು ಕಿತ್ತು
ನನ್ನ ಅಂಗೈಲಿಟ್ಟರು: "ಉದ್ದಕ್ಕ ಸಾವಿರ ಸೀಳು."
ಇನ್ನೂ ಸೀಳುತ್ತಿದ್ದೇನೆ.

ಪುಡಿ ಅರೆದು, ಜರಡಿ ಹಿಡಿದು, ಒತ್ತಿ, ಸುಟ್ಟರೆ
ಹಳೆಯ ನಾಲ್ಕಾಣೆಯಷ್ಟು ಬಿಲ್ಲೆ.
ಅದುಮಿದರೆ ಅದರಲ್ಲಿ ಕರೆಂಟು ಹುಟ್ಟಬೇಕು,
ಕರೆಂಟು ಕೊಟ್ಟರೆ ಅದು ಮೈಮುರಿಯಬೇಕು.
ನನ್ನೆದೆಯ ಮೇಲೂ ಒಂದು ಬಿಲ್ಲೆ ಇತ್ತು,
ಹಿತ್ತಾಳೆಯದು, ಸರಕಾರದ್ದು.
ಎಷ್ಟು ಮಂದಿ ಅದುಮಿದರೂ
ಅದು ಏನೂ ಅಂದಿಲ್ಲ.

ಕುಲುಮೆಯೊಳಗೆ ಸಾವಿರದಿನ್ನೂರು ಡಿಗ್ರಿ,
ಹೊರಗೆ ನಲವತ್ಮೂರು.
ನಡುವೆ ಕರೆಂಟು ಹೋದರೆ ಬಿಲ್ಲೆ ಬಿರುಕು.
ಅದಕ್ಕೇ ರಾತ್ರಿ ಸುಡುತ್ತಿದ್ದೆವು,
ಅವರು ಕುರ್ಚಿಯಲ್ಲಿ, ನಾನು ಮೆಟ್ಟಿಲ ಮೇಲೆ,
ನಡುವೆ ಒಗ್ಗರಣಿ-ಮಿರ್ಚಿ ಪೊಟ್ಟಣ.
ದೊಡ್ಡ ಸೂಕ್ಷ್ಮದರ್ಶಕ ನಮ್ಮಲ್ಲಿರಲಿಲ್ಲ.
ಸುಣ್ಣದ ಡಬ್ಬಿಯಲ್ಲಿ, ಹತ್ತಿಯೊಳಗೆ,
ಬಸ್ಸಿನಲ್ಲಿ ಪರವೂರಿಗೆ ಹೋಗುತ್ತಿದ್ದವು.
ಕಂಡಕ್ಟರ್ ಕೇಳಿದ: "ಯಾತರ ಗುಳಿಗಿ ಇವು, ಷುಗರ್‌ದಾ?"

ಹದಿನಾರನೇ ವರ್ಷ
ಬಿಲ್ಲೆಗಳನ್ನು ಸಾಲಾಗಿಟ್ಟು ಒಂದು ಪಟ್ಟಿ ಮಾಡಿದರು.
ಕೌಲ್ ಬಜಾರಿನಲ್ಲಿ ಜೀನ್ಸ್ ಬಟ್ಟೆಯ ಗವಸು ಹೊಲಿಸಿ,
ಡಾಂಬರು ಬಳಿದು,
ಅದಿರು ಲಾರಿಯ ರಸ್ತೆಗೆ ಅಡ್ಡ ಹೂತೆವು.
ಚಕ್ರ ಹಾದಾಗೆಲ್ಲ ಒಂದು ಮಿಡಿತ,
ಭಾರ ಹೆಚ್ಚಿದಷ್ಟೂ ಗೆರೆ ಎತ್ತರ.
ಮೂರು ರಾತ್ರಿ ಗೆರೆ ಕಾಗದ ದಾಟಿ ಜಿಗಿಯಿತು.
ಚೌಕಿಯ ರಿಜಿಸ್ಟರಿನಲ್ಲಿ ನಲವತ್ತು ಲಾರಿ.
ಬಿಲ್ಲೆ ಮುನ್ನೂರ ಹನ್ನೆರಡು ಅಂದಿತು.
ನಾಲ್ಕನೇ ಬೆಳಿಗ್ಗೆ ಅಲ್ಲಿ ಗುಂಡಿ,
ಗುಂಡಿಯಲ್ಲೊಂದು ನೀಲಿ ಚಿಂದಿ.

ಮೇಡಂ ಬಗ್ಗಿ ಚಿಂದಿ ಎತ್ತಿಕೊಂಡರು.
ದೂರು ಕೊಡಲಿಲ್ಲ.
"ಕೆಲಸ ಮಾಡತೈತಿ ಅಂತ ಆತಲ್ಲ," ಅಂದರು,
ನನ್ನ ಮುಖ ನೋಡದೆ.
ಪೇಪರು ಬರೆದರು. ರಸ್ತೆಯ ಹೆಸರು ಬಿಟ್ಟರು.
ಬಿಟ್ಟಿದ್ದಕ್ಕೇ ಬಹುಮಾನ ಬಂತು ಅಂತ ನಾನು ಹೇಳಲ್ಲ.
ಬಂತು, ಅಷ್ಟೇ.

ನಿನ್ನೆ ಅವರ ರಿಟೈರ್‌ಮೆಂಟು. ಶಾಲು, ಹಣ್ಣಿನ ಬುಟ್ಟಿ,
ಹೆಸರನ್ನು ತಪ್ಪಾಗಿ ಓದಿದ ಸನ್ಮಾನ ಪತ್ರ.
ಎಲ್ಲ ಮುಗಿದ ಮೇಲೆ ಲ್ಯಾಬಿಗೆ ಬಂದು
ಹಳೆಯ ನೋಟುಬುಕ್ಕು ತೆಗೆದರು.
ಆ ಚಿಂದಿ ಅಂಟಿಸಿದ್ದ ಪುಟ.
ಪಕ್ಕದ ಖಾಲಿ ಜಾಗದಲ್ಲಿ ನಿಧಾನ ಬರೆದರು
ರಸ್ತೆ, ಚೌಕಿ, ತಾರೀಖು, ಮುನ್ನೂರ ಹನ್ನೆರಡು.
ಯಾರು ಓದಲಿ ಅಂತ, ಈಗ?
ಕೇಳಲಿಲ್ಲ ನಾನು.

"ಇವತ್ತು ಬಟ್ಟಿ ಬ್ಯಾಡ ಬಿಡು, ಖಲಂದರ್."

ಕೈ ಕೇಳಲಿಲ್ಲ.
ಒದ್ದೆ ಮಾಡಿ, ಹಿಂಡಿ,
ಸಂದಿಗೆ ತುರುಕಿದೆ.