ಕೆಂಪು ಬಕೆಟ್ಟು

ಶ್ರಾಪ್‌ಶೈರಿನ ಕ್ಲನ್, ಊರಾಚೆ ಮಿಸೆಸ್ ಪ್ರಾಥರೋ ಲಾಯ.
ಗೇಟಿಗೆ ಹಗ್ಗ, ಹಗ್ಗಕ್ಕೆ ರಟ್ಟು: ಒಳಗೆ ಬರಬೇಡಿ.
ಅಂಚೆಯವನು ಕಾಗದಗಳನ್ನು ಹಾಲಿನ ಕ್ಯಾನಿಗೆ ಹಾಕಿ
ದೂರದಿಂದಲೇ ಕೈ ಬೀಸುತ್ತಾನೆ.

ಕೆಂಪು ಬಕೆಟ್ಟು ಕಾಯಿಲೆಯವಕ್ಕೆ, ಹಸಿರು ಉಳಿದವಕ್ಕೆ.
ನಡುವೆ ನಾನು,
ಬೂಟು ಅದ್ದಿ, ಕೈ ತೊಳೆದು, ಮತ್ತೆ ತೊಳೆದು,
ಬೆರಳ ಸಂದಿ ಬಿರಿದು ಉರಿಯುವವರೆಗೆ.

ಕುದುರೆಮರಿ ಟ್ಯಾನ್ಸಿಯ ದವಡೆಯಡಿ ಗಡ್ಡೆ
ಒಂಬತ್ತು ದಿನಕ್ಕೆ ಹಣ್ಣಾಯಿತು.
ಹಣ್ಣಾಯಿತು ಅನ್ನುತ್ತೇವಲ್ಲ, ಎಂಥ ಮಾತು!
ಕತ್ತು ನೀಡಿ ನಿಂತಿತ್ತು, ನುಂಗಲಾರದೆ,
ಕುಡಿದ ನೀರೆಲ್ಲ ಮೂಗಿನಿಂದ ವಾಪಸು.
ಬಿಸಿಬಟ್ಟೆ ಒತ್ತಿ ಹಿಡಿದಿದ್ದೆ. ಒಡೆಯಿತು,
ನನ್ನ ತೋಳ ಮೇಲೆಲ್ಲ.
ಆಮೇಲೆ ಅದು ಉಸಿರೆಳೆದ ಸದ್ದು.
ಅಷ್ಟುದ್ದದ ಉಸಿರು ನಾನು ಕೇಳಿರಲಿಲ್ಲ.

ಯಾರು ತಂದರು?
ಲಡ್ಲೋ ಹರಾಜಿನಲ್ಲಿ ಕೊಂಡ ಕಂದು ಪೋನಿಯ ಮೇಲೆ
ಎಲ್ಲರ ಗುಮಾನಿ. ನನ್ನದೂ.
ಅದಕ್ಕೆ ಹುಲ್ಲು ಹಾಕುವಾಗ ಹೆಸರು ಹಿಡಿದು ಕರೆಯಲಿಲ್ಲ.
ಪರೀಕ್ಷೆ ಹೇಳಿದ್ದು ಬೇರೆ:
ಮುದಿ ಬಿಳಿ ಕುದುರೆ, ಜುನಿಪರ್.
ನಾಲ್ಕು ವರ್ಷದಿಂದ ಇಲ್ಲೇ, ಒಂದು ಕೆಮ್ಮಿಲ್ಲ,
ಹೊಸಬರು ಬಂದರೆ ಮೊದಲು ಮೂಗು ತಾಗಿಸುವವಳು.

ಡಾಕ್ಟರ್ ಹೆಸ್ಟರ್ ಪ್ಯೂ ಮೂಗಿನೊಳಗೆ ನಳಿಗೆ ಇಳಿಸಿ
ಗಂಟಲ ಚೀಲದಿಂದ ಹೆಕ್ಕಿದಳು ಆರು ಕಲ್ಲು.
ಒಣಗಿದ ಕೀವು; ಕಡಲೆಯಷ್ಟು, ನುಣ್ಣಗೆ.
ತಟ್ಟೆಯಲ್ಲಿ ಉರುಳಿದವು.
ಎಷ್ಟು ದಿನದಿಂದ ಇಟ್ಟುಕೊಂಡಿದ್ದಳೋ,
ಅವಳಿಗೇ ಗೊತ್ತಿಲ್ಲದೆ.

ಮದ್ದಿನ ಮಂಪರಿನಲ್ಲಿ ತಲೆ ಇಳಿಬಿಟ್ಟು
ಜುನಿಪರ್ ನನ್ನ ಭುಜಕ್ಕೆ ಒರಗಿದಳು.
ದೂರ ನಿಲ್ಲು, ಅಂದಳು ಡಾಕ್ಟರ್.
ನಿಂತೆ,
ಸ್ವಲ್ಪ ಹೊತ್ತು ಬಿಟ್ಟು.